ಗುರುಬಾಯಿಯ ನಾಡಿ

ಇಷ್ಟೆಲ್ಲ ಫಜೀತಿಗೆ ಕಾರಣ ಸಾತಲಿಂಗಪ್ಪ ಡಾಕ್ಟರು ಆಡಿದ ಒಂದು ಮಾತು.

“ನನ್ನಂಗ ಫ್ಯಾಮಿಲಿ ಡಾಕ್ಟರ್ ಆಗ್ತೀನಂತಿ ಹೌದಿಲ್ಲೊ? ಒಂದಿನ ನನ್ನ ಕುರ್ಚಿ ಮ್ಯಾಲ ಕೂತು ನೋಡು. ಆಮ್ಯಾಲ ಫಾರ್ಮ್ ತುಂಬು.” ಹೀಗೆಂದು ಅವರು ಅಕ್ಕಲಕೋಟೆಯ ತಮ್ಮ ದವಾಖಾನೆಯನ್ನು ಸ್ವಪ್ನಿಲನಿಗೆ ಒಪ್ಪಿಸಿ ಮಂದ್ರೂಪ ಊರಿನ ಒಂದು ಮದುವೆಗೆ ಹೋಗಿಬಿಟ್ಟರು.

ಎಂ.ಬಿ.ಬಿ.ಎಸ್. ಮುಗಿಸಿದ ಸ್ವಪ್ನಿಲ ಮುಂದೇನು ಓದುತ್ತೇನೆಂದು ಅಂದೇ ಮಧ್ಯಾಹ್ನ ಹನ್ನೆರಡರೊಳಗೆ ಮೊಬೈಲಿನಲ್ಲಿ ತುಂಬಬೇಕಿತ್ತು. ಸೋಲಾಪುರದಲ್ಲಿ ಬಟ್ಟೆ ಅಂಗಡಿ ನಡೆಸುವ ಮನೆಯವರದು ಒಂದೇ ಹಟ: ಎದೆಯದೋ ಎಲುಬಿನದೋ, ಏನಾದರೊಂದರ ದೊಡ್ಡ ಡಾಕ್ಟರಾಗು. ಅವನಿಗೋ ಚಿಕ್ಕಂದಿನಲ್ಲಿ ಅಕ್ಕಲಕೋಟೆಯ ಅಜ್ಜಿಯ ಮನೆಯಲ್ಲಿ ಬಂದ ಜ್ವರಗಳ ನೆನಪು. ಸಾತಲಿಂಗಪ್ಪ ಕಾಕಾ ಹಾಸಿಗೆಯ ಅಂಚಿಗೆ ಕೂತು, ಬಸಿಯಲ್ಲಿ ಚಹಾ ಹೀರುತ್ತ, ಅಜ್ಜಿಯ ಮಂಡಿನೋವಿನಿಂದ ಮಾವನ ಸಿಟ್ಟಿನವರೆಗೆ ಎಲ್ಲ ವಿಚಾರಿಸುತ್ತಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿದ ಸ್ವಪ್ನಿಲನಿಗೆ ರೋಗಿಗಳ ಮಂಚದ ನಂಬರು ಬಿಟ್ಟರೆ ಬೇರೇನೂ ಗೊತ್ತಾಗಿರಲಿಲ್ಲ. ತಾನೂ ಯಾರದಾದರೂ ಮನೆಯವನಾಗಬೇಕೆಂದು ಅವನ ಜೀವ ಹಂಬಲಿಸುತ್ತಿತ್ತು.

ಮೊದಲು ಬಂದವಳು ಹಿಂದಿನ ಓಣಿಯ ಗುರುಬಾಯಿ. ಹೊಸ ಮುಖ ಕಂಡು ಹುಬ್ಬು ಗಂಟಿಕ್ಕಿದಳು. ಕೂತು ಕೈ ಚಾಚಿದಳು.

“ಏನಾಗ್ಯದರಿ ಅಜ್ಜಿ?”

“ಅದನ್ನ ನೀ ಹೇಳ್ಬೇಕು. ಡಾಕ್ಟರ್ ನೀನೊ, ನಾನೊ?”

ಸ್ವಪ್ನಿಲ ನಾಡಿ ಹಿಡಿದ. ಜ್ವರವೇ ಎಂದ, ಕೆಮ್ಮೇ ಎಂದ. ಗುರುಬಾಯಿ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು.

ಬಾಗಿಲ ಬಳಿ ಪಾಳಿಗೆ ಕೂತಿದ್ದ ಪೀರಪ್ಪ ಪಿಸುಗುಟ್ಟಿದ, “ಬೆನ್ನು ಅನ್ರಿ ಸಾಹೇಬ್ರ, ಬೆನ್ನು!”

“ಬೆನ್ನು ನೋಯ್ತದೇನ್ರಿ?”

“ಅದು ಹ್ವಾದ ವಾರದ್ದು.”

ಹೊರಗಿದ್ದವರು ಗೊಳ್ಳೆಂದು ನಕ್ಕರು. “ಡಾಕ್ಟರ್ ಬಂದಮ್ಯಾಲ ಬರ್ತೀವಿ” ಎಂದು ನಾಲ್ಕು ಮಂದಿ ಎದ್ದೇ ಹೋದರು. ಸ್ವಪ್ನಿಲನ ಅಂಗಿ ಬೆವರಿಗೆ ತೊಯ್ದು ಬೆನ್ನಿಗಂಟಿತು. ಮುದುಕಿ ಮಾತ್ರ ಇನ್ನೂ ಕ್ಯಾಲೆಂಡರನ್ನೇ ನೋಡುತ್ತಿದ್ದಳು.

“ಯಾವ ದಿನ ಎಣಸಾಕತ್ತೀರಿ ಅಜ್ಜಿ?”

ಗುರುಬಾಯಿ ಈಗ ಅವನ ಕಡೆ ತಿರುಗಿದಳು. “ನಾಗರ ಪಂಚಮಿಗಿ ಇನ್ನ ಎಷ್ಟ ದಿನ ಅದ ಅಂತ... ನಮ್ಮ ಶುಭಾಂಗಿ, ಮೊಮ್ಮಗಳು, ಬ್ಯಾಸಗ್ಯಾಗ ಲಗ್ನಾಗಿ ಹೋದಾಕಿ ಪಂಚಮಿಗೇ ಬರಾಕಿ. ಆಕಿ ಇಲ್ದ ಭಕ್ರಿ ಗಂಟಲ್ದಾಗ ಇಳೀವಲ್ದೊ ತಮ್ಮಾ.”

ಆಮೇಲೆ ಅರ್ಧ ಗಂಟೆ ಮಾತು ನಿಲ್ಲಲಿಲ್ಲ. ಸ್ವಪ್ನಿಲ ಕೇಳಿದ, ಕೇಳುತ್ತಲೇ ಎದೆ ಪರೀಕ್ಷಿಸಿದ, ರಕ್ತದೊತ್ತಡ ನೋಡಿದ. ಸ್ವಲ್ಪ ಹೆಚ್ಚೇ ಇತ್ತು. ತಾನು ಇಷ್ಟು ವರ್ಷ ಬಯಸಿದ್ದು ಇದನ್ನೇ ಎಂದು ಅವನಿಗೆ ಖಾತ್ರಿಯಾಯಿತು. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೊಬೈಲಿನ ಫಾರ್ಮಿನಲ್ಲಿ ಫ್ಯಾಮಿಲಿ ಮೆಡಿಸಿನ್ ಎಂಬುದನ್ನೇ ಒತ್ತಿದ. ಒಮ್ಮೆ ಒತ್ತಿದರೆ ಬದಲಿಸಲು ಬರುವುದಿಲ್ಲ.

ಗುರುಬಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಅವನ ಗಲ್ಲ ಸವರಿದಳು. “ಇಷ್ಟು ಕಾಳಜಿಲೆ ನನ್ನ ಮಗನೂ ಕೇಳಿಲ್ಲ. ಇವತ್ತಿಂದ ನೀ ನಮ್ಮ ಮನಿ ಹುಡುಗ.”

ಸ್ವಪ್ನಿಲ ಗುಳಿಗೆಯ ಚೀಟಿ ಬರೆದು ಮುಂದಿಟ್ಟ. ಅವಳು ಅದನ್ನು ಮಡಚಿ ಅವನ ಕಿಸೆಗೇ ತುರುಕಿದಳು.

“ಯಾಕ್ರಿ ಅಜ್ಜಿ?”

“ಮನಿ ಹುಡುಗರ ಕೈಲಿ ಯಾರರ ಔಷಧ ತಗೋತಾರೇನೊ ಹುಚ್ಚಪ್ಪಾ? ನಾಳಿ ಸೋಲಾಪುರದಾಗ ದೊಡ್ಡ ಡಾಕ್ಟರಿಗಿ ತೋರಸ್ತೀನಿ. ನೀ ಮುಂಜಾನಿ ಆರಕ್ಕ ಹೋಗಿ ಪಾಳ್ಯಾಗ ನನ್ನ ನಂಬರ ಹಚ್ಚಿಡು.”

“ನಂದೂ ಒಂದು ಹಚ್ರಿ ಸಾಹೇಬ್ರ,” ಎಂದ ಪೀರಪ್ಪ ಬಾಗಿಲಿನಿಂದ.

ಸ್ವಪ್ನಿಲ ಚೀಟಿಯ ಹಿಂಬದಿಗೆ ಇಬ್ಬರ ಹೆಸರನ್ನೂ ಬರೆದುಕೊಂಡ.