ತರಕಾರಿ ಚೀಲ ಅಲ್ರಿ ಇದು

ನಾ ಹೊಲಿಗಿ ಮಷಿನ್ ಮುಂದ ಕುಂತ್ರ ಸಾಕು, ನಗೂವಂಥಾದ್ದು ಏನರೆ ಬಾಗಲದಾಗ ಚಪ್ಪಲಿ ಬಿಟ್ಟು ತಾನ ಒಳಗ ಬರ್ತೈತಿ. ನಾ ಕರ್ಯಾಕ ಹೋಗಂಗಿಲ್ಲ.

ಚಿಕ್ಕೋಡ್ಯಾಗ ನಂದು ಲೇಡೀಸ್ ಟೇಲರ್ ಅಂಗಡಿ. ಜಂಪರ್ ಹೊಲಿತೀನಿ, ಪಿಕೋ-ಫಾಲ್ ಮಾಡ್ತೀನಿ. ಅದನ್ನ ಎಲ್ಲಾರೂ ಮಾಡ್ತಾರ ಬಿಡ್ರಿ. ನನ್ನ ಹೆಸರು ಹೋಗಿರೂದು ಒಂದು ಚೀಲದಿಂದ. ವಾಷಿಂಗ್ ಮಷಿನ್ನಿಗೆ ಹಾಕುವಾಗ ಹೆಣ್ಮಕ್ಕಳ ಒಳಬಟ್ಟಿ ಹಾಳಾಗಬಾರ್ದು, ಹುಕ್ಕು ಬಾಗಬಾರ್ದು ಅಂತ ನಾ ಹೊಲಿಯೋ ಜಾಳಿಗಿ ಚೀಲ. ಬ್ರಾಕ್ಕ ನಮ್ಮ ಕಡೆ ಬಾಡಿ ಅಂತೀವಿ, ನಾನೂ ಹಂಗ ಅಂತೀನಿ, ಗಟ್ಟಿಯಾಗೇ ಅಂತೀನಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಾ ಕಡೆ ನನ್ನ ಚೀಲ ತಿರಗತಾವ. ಹೆಮ್ಮಿ ಐತೇನು ಅಂತ ಕೇಳಿದ್ರ, ಹೌದ್ರಿ, ಭಾಳ ಐತಿ.

ಟಾವೆಲ್ಲಿನ ಮರ್ಯಾದಿ

ನಮ್ಮ ಮನಿಗೆ ವಾಷಿಂಗ್ ಮಷಿನ್ ಬಂದ ಹೊಸದಾಗಿನ ಮಾತಿದು. ಅರಿಬಿ ಒಣಹಾಕೂದರಾಗ ನಮ್ಮ ಅತ್ತಿದು ಒಂದು ಕಟ್ಟಾ ಕಾನೂನು ಐತಿ. ಹೆಣ್ಮಕ್ಕಳ ಒಳಬಟ್ಟಿ ಹಗ್ಗದ ಮ್ಯಾಲ ಯಾರ ಕಣ್ಣಿಗೂ ಬೀಳಬಾರ್ದು. ಕೆಳಗ ಅದು, ಅದರ ಮ್ಯಾಲ ಟಾವೆಲ್. ಈ ಭಾಗದಾಗ ಎಲ್ಲಾ ಮನ್ಯಾಗೂ ಹಂಗ ಅನ್ರಿ.

ಅವತ್ತ ನಾ ಹುಕ್ಕ ಹಚ್ಚದನ ಒಂದು ಬಾಡಿ ಉಳದ ಅರಿಬಿ ಜೋಡಿ ಡ್ರಮ್ಮಿನಾಗ ತುರುಕಿದ್ದೆ. ಮಷಿನ್ ಗರಗರ ತಿರುಗಿ ನಿಂತಾಗ ಆ ಹುಕ್ಕು ಹೋಗಿ ಮಾವನ ಟಾವೆಲ್ಲಿನ ಎಳಿ ಗಟ್ಟಿ ಹಿಡಕೊಂಡು ಬಿಟ್ಟಿತ್ತು. ಅತ್ತಿ ಅದನ್ನ ಬಿಡಸಾಕ ಹೋಗಲಿಲ್ಲ. "ಹೆಂಗೂ ಇದರ ಕೆಳಗ ಅದು ಒಣಗಬೇಕಲ್ಲ" ಅಂತ ಹಂಗ ಹಗ್ಗದ ಮ್ಯಾಲ ಹಾಕಿದ್ರು.

ಸಂಜಿಮುಂದ ಮಾವ ಬಂದ್ರು. ಟಾವೆಲ್ ಸರ್ರಂತ ಎಳದ್ರು, ಹೆಗಲ ಮ್ಯಾಲ ಒಗಕೊಂಡ್ರು, ಬಸ್ ಸ್ಟ್ಯಾಂಡ್ ಕಡೆ ಚಾ ಕುಡ್ಯಾಕ ನಡದ್ರು. ಬೆನ್ನ ಮ್ಯಾಲ ನನ್ನ ಹೊಸಾ ಗುಲಾಬಿ ಬಾಡಿ ಜೋತಾಡಕೋತ ಹೊಂಟೈತಿ! ನಾ ಬಾಗಲದಾಗ ನಿಂತು ನೋಡಿದೆ. ಸೊಸಿ ಆದಾಕಿ ನಟ್ಟನಡು ಓಣ್ಯಾಗ ಮಾವನ ಹಿಂದ ಓಡಿ ಹೋಗಿ ಏನಂತ ಕೇಳಬೇಕ್ರಿ?

ತಾಸಿನ ಮ್ಯಾಲ ತಿರುಗಿ ಬಂದ್ರು. ಟಾವೆಲ್ ಗೂಟಕ್ಕ ಹಾಕಿದ್ರು, ಕುರ್ಚಿ ಮ್ಯಾಲ ಕುಂತ್ರು, ಅತ್ತಿಗೆ ಅಂದ್ರು: "ಇವತ್ತ ಮಂದಿ ಭಾಳ ಮರ್ಯಾದಿ ಕೊಟ್ರು ನೋಡು. ನಾ ಹೊಂಟ ದಾರ್ಯಾಗ ಒಬ್ಬಾವನೂ ತಲಿ ಎತ್ತಲಿಲ್ಲ."

ಸೊಸಿ ಏನ ಹೊಲಿತಾಳ?

ಮಾವ ಒಳಗ ಹೋದ ಮ್ಯಾಲ ಅತ್ತಿ ಟಾವೆಲ್ ನೋಡಿದ್ರು, ಹಣಿ ಹಣಿ ಬಡಕೊಂಡ್ರು. "ಆ ಮಷಿನ್ ನಾಳೆನ ತಿರುಗಿ ಕಳಸು. ಮಾನ ಕಳ್ಯಾಕ ಬಂದೈತಿ ಅದು" ಅಂತ ಒಂದ ಹಟ.

ನನಗೂ ಸಿಟ್ಟ ಬಂತು. ಮಷಿನ್ ಯಾಕ ಕಳಸಬೇಕು? ನಾ ಟೇಲರ್ ಅದೀನಿ, ಇದಕ್ಕೊಂದು ದಾರಿ ಮಾಡಾಕ ಬರಂಗಿಲ್ಲೇನು? ನನ್ನ ತವರಮನಿ ಅಥಣಿ ಕಡೆ. ಅಲ್ಲಿ ಶೆಡ್ಡಿನ್ಯಾಗ ದ್ರಾಕ್ಷಿ ಒಣಗಸಾಕ ಹಾಸತಾರಲ್ಲ, ಆ ನೈಲಾನ್ ಜಾಳಿಗಿ ಉಳದಿದ್ದು ತರಿಸಿದೆ. ನೀರು, ಗಾಳಿ ಎಲ್ಲಾ ಒಳಗ ಆಡತಾವ, ಹುಕ್ಕು ಹೊರಗ ಬರಂಗಿಲ್ಲ. ಹೊಲಿಗಿ ಅಂಚು ಒಳಗ ಮಡಚಿ ಮುಚ್ಚಿದೆ. ಚೈನಿನ ತಲಿ ಡ್ರಮ್ಮಿಗೆ ಬಡೀಬಾರ್ದಂತ ಅದಕ್ಕೊಂದು ಸಣ್ಣ ಅರಿಬಿ ಟೊಪ್ಪಿಗಿ ಮಾಡಿದೆ. ಆ ಟೊಪ್ಪಿಗಿ ನನ್ನ ಸ್ವಂತ ತಲಿಯಿಂದ ಬಂದಿದ್ದು, ಎಲ್ಲಿಂದನೂ ನೋಡಿ ಮಾಡಿದ್ದಲ್ಲ. ಇದನ್ನ ನಾ ಎಲ್ಲಾರಿಗೂ ಹೇಳ್ತೀನಿ, ನಿಮಗೂ ಹೇಳಿದೆ.

ಮಷಿನ್ ಉಳೀತು. ಓಣ್ಯಾಗಿನ ಹೆಣ್ಮಕ್ಕಳು ಒಬ್ಬೊಬ್ರ ಬಂದು ಚೀಲ ಒಯ್ಯಾಕ ಹತ್ತಿದ್ರು. ಆದ್ರ ಅತ್ತಿಗೆ ನಾಚಿಕಿ. "ಸೊಸಿ ಏನ ಹೊಲ್ಯಾಕತ್ತಾಳ್ರಿ?" ಅಂತ ಯಾರರೆ ಕೇಳಿದ್ರ ಸಾಕು, ಸೆರಗ ಬಾಯಿಗೆ ಹಿಡಿದು "ತರಕಾರಿ ಚೀಲ" ಅನ್ನಾವ್ರು. ನನಗ ಅದು ಎದಿಗೆ ಚುಚ್ಚತಿತ್ತು. ನಾ ಇಷ್ಟ ತಲಿ ಓಡಿಸಿ ಮಾಡಿದ್ದಕ್ಕ ನನ್ನ ಮನ್ಯಾವ್ರ ಬಾಯಾಗ ಖರೇ ಹೆಸರ ಇಲ್ಲಂದ್ರ ಹೆಂಗ? ಒಮ್ಮೆರೆ ಅತ್ತಿ ನಾಕ ಮಂದಿ ಮುಂದ ಇದು ಇಂಥಾ ಚೀಲ, ನನ್ನ ಸೊಸಿ ಹೊಲದಾಳ ಅನಬೇಕು. ಅದೊಂದ ಆಸೆ ನಂದು.

ನಾ ಅಂಗಡ್ಯಾಗ ಇಲ್ಲದಾಗ ರಾಯಬಾಗದಿಂದ ಒಬ್ಬ ಹೆಣ್ಮಗಳು ಬಂದು ಅತ್ತಿ ಕೈಯಿಂದ ಎರಡು ಚೀಲ ಒಯ್ದಿದ್ಳು. ಮುಂದಿನ ವಾರ ತಿರುಗಿ ಬಂದ್ಳು, ಮುಖ ಗಂಟ ಹಾಕ್ಕೊಂಡು.

"ಅಕ್ಕಾರ, ಚೀಲ ಭಾಳ ಸಣ್ಣದಾತು. ಕೊತ್ತಂಬರಿ, ಮೆಣಸಿನಕಾಯಿ ಹಿಡೀತಾವ, ಬದನಿಕಾಯಿ ಹಿಡಿಯಂಗಿಲ್ಲ."

ನಾ ಆಕಿ ಕಿವ್ಯಾಗ ಅಸಲು ವಿಷಯ ಹೇಳಿದೆ. ಆಕಿ ಲಗುನ ಚೀಲ ಸೆರಗಿನಾಗ ಮುಚ್ಚಿಕೊಂಡ್ಳು.

"ಹಂಗಾರ ಸಂತ್ಯಾಗ ಆ ಸಾಲಿ ಕಲಸೋ ಅಕ್ಕೋರು ನನ್ನ ಚೀಲ ನೋಡಿ, 'ನಿಮ್ದು ಭಾರಿ ಧೈರ್ಯ ಬಿಡ್ರಿ' ಅಂದಿದ್ದು ಬದನಿಕಾಯಿ ರೇಟಿಗಲ್ಲ!"

ಫೌಜಿ ಕಾಕಾನ ಮಾಲಿ

ಕೊಗನೊಳ್ಳಿ ಕಡೆಯಿಂದ ಒಬ್ಬ ಕಾಕಾ ಬರ್ತಾರ. ಮಿಲಿಟರಿಯಿಂದ ನಿವೃತ್ತ ಆದಾವ್ರು. ಹೆಂಡ್ತಿ ನಿಪ್ಪಾಣ್ಯಾಗ ಬೀಡಿ ಕಟ್ಟಾಕ ಹೋಗ್ತಾಳ, ಮನ್ಯಾಗ ಮಷಿನ್ ನಡಸೂದು ಕಾಕಾನ ಡ್ಯೂಟಿ. ನನ್ನ ಅಂಗಡಿಗೆ ಬಂದು ಈ ಚೀಲ ಎಲ್ಲಾರ ಮುಂದ ಹೆಸರ ಹಿಡಿದು ಕೇಳಿದ ಮೊದಲನೇ ಗಂಡಸು ಅವ್ರ. ನನಗ ಅವರ ಮ್ಯಾಲ ಅವತ್ತಿನಿಂದ ಭಾಳ ಗೌರವ.

ನಾ ನಿಯಮ ಹೇಳಿದೆ. "ಕಾಕಾ, ಮೊದಲ ಹುಕ್ಕ ಹಚ್ಚಬೇಕು, ಆಮ್ಯಾಲ ಚೀಲದಾಗ ಹಾಕಬೇಕು. ಚೈನ್ ಪೂರಾ ಮುಚ್ಚಬೇಕು. ನೀರು ತಣ್ಣಗ ಇರಬೇಕು. ಹಿಂಡಬಾರ್ದು."

"ಸಮಜ್ ಗಯಾ, ತಿಳೀತು" ಅಂತ ಹೇಳಿ ಸೆಲ್ಯೂಟ್ ಹೊಡ್ಯಾವ್ರಂಗ ಹಿಮ್ಮಡಿ ಜೋಡಿಸಿ ಹೊಂಟ್ರು.

ಎಂಟ ದಿನ ಬಿಟ್ಟು ಗಂಡ ಹೆಂಡ್ತಿ ಕೂಡೇ ಬಂದ್ರು. ಆಕಿ ಚೀಲ ನನ್ನ ಟೇಬಲ್ ಮ್ಯಾಲ ಇಟ್ಟು ಚೈನ್ ತಗದ್ಳು. ಒಳಗಿಂದ ಒಂದು ತುದಿ ಹಿಡಿದು ಎಳದ್ಳು ನೋಡ್ರಿ, ಬಂತು, ಬಂತು, ಮತ್ತೂ ಬಂತು. ಕರೀದು, ಬಿಳೀದು, ಹಳದೀದು! ಮನ್ಯಾಗಿನ ಬಾಡಿ ಎಲ್ಲಾ ಒಂದರ ಹುಕ್ಕ ಇನ್ನೊಂದಕ್ಕ ಹಚ್ಚಿ ಉದ್ದಕ ಮಾಲಿ ಮಾಡಿ ಇಟ್ಟಾರ ಕಾಕಾ.

"ಅಹೋ, ಹೇ ಕಾಯ್ ಕೆಲಂತ?" ಅಂತ ಆಕಿ ಗಂಡನ ಮ್ಯಾಲ ಹರಿಹಾಯ್ದ್ಳು. ಇದೇನ ಮಾಡಿಟ್ರಿ ಅಂತ.

ಕಾಕಾ ಎದಿ ಸೆಟಿಸಿ ನಿಂತ್ರು. "ಹುಕ್ಕ ಹಚ್ಚಂದ್ರು, ಹಚ್ಚೀನಿ. ಯಾವುದಕ್ಕ ಅಂತ ಹೇಳಿಲ್ಲ. ಲೈನ್ ಬಿಟ್ಟು ಒಂದೂ ಹೋಗಿಲ್ಲ. ಹುಕ್ಕ ಒಂದರೆ ಬಾಗೈತೇನು? ನೋಡ್ರಿ, ನೀವ ತಪಾಸಣಿ ಮಾಡ್ರಿ!"

ನಾ ಒಂದೊಂದಾಗಿ ನೋಡಿದೆ. ಖರೇ ಹೇಳ್ತೀನಿ, ಒಂದೂ ಬಾಗಿರಲಿಲ್ಲ. ಆಕಿಗೆ ಅಂದೆ, "ಕಾಕು, ತಪ್ಪು ನಿಮ್ಮ ಯಜಮಾನ್ರದ್ದಲ್ಲ. ಆದ್ರ ಒಂದು ಬೇಕಾದಾಗ ಪೂರಾ ಪಲ್ಟನ್ನ ಹೊರಗ ಬರ್ತೈತಿ, ಅಷ್ಟ."

ಅಥಣಿಯ ಛತ್ರಿ

ಅಥಣ್ಯಾಗ ನಮ್ಮ ಅಕ್ಕನ ಕೊಟ್ಟೈತಿ. ದೊಡ್ಡ ಮನಿ, ಕಬ್ಬಿನ ಹೊಲ, ಮನಿ ತುಂಬ ಮಂದಿ. ಒಂದಿನ ಅವರ ಮಷಿನ್ ಕಟಕಟ ಸಪ್ಪಳ ಮಾಡಿ ನಿಂತುಬಿಡ್ತು. ಮೆಕ್ಯಾನಿಕ್ ಬಂದಾನ. ಮನ್ಯಾವ್ರೆಲ್ಲಾ ಸುತ್ತ ನಿಂತಾರ, ಅಕ್ಕನ ಮಾವ ನಡುವ ಕುರ್ಚಿ ಹಾಕ್ಕೊಂಡು ಕುಂತಾರ. ಅಂವ ಕೆಳಗಿನ ಮುಚ್ಚಳ ಬಿಚ್ಚಿ, ಕೈ ಹಾಕಿ, ಬಾಗಿದ ಒಂದು ತಂತಿ ಹೊರಗ ತಗದ.

"ಇದು ಯಾವುದರದ್ದ್ರಿ?" ಅಂತ ಎಲ್ಲಾರ ಮುಂದ ಎತ್ತಿ ಹಿಡದ.

ಅಕ್ಕನ ಮುಖ ಸುಣ್ಣ. ಅಕಿಗೆ ಗೊತ್ತಾತು, ಅದು ಅಕಿ ಬಾಡಿ ಒಳಗಿನ ತಂತಿ. ಇನ್ನೇನು ಅಕಿ ಭೂಮ್ಯಾಗ ಹೊಗಬೇಕು, ಅಷ್ಟರಾಗ ಮಾವ ಗಂಟಲ ಸರಿ ಮಾಡಿಕೊಂಡು ಅಂದ್ರು:

"ಅದು ನನ್ನ ಛತ್ರಿದು."

ಮೆಕ್ಯಾನಿಕ್ಕಿಗೆ ಆಶ್ಚರ್ಯ. "ಛತ್ರಿ ಮಷಿನ್ನ್ಯಾಗ ಯಾಕ ಹಾಕಿದ್ರಿ ಅಜ್ಜಾರ?"

"ಮಳ್ಯಾಗ ತೊಯ್ದಿತ್ತು, ಒಗ್ಯಾಕ ಹಾಕಿದ್ದೆ. ಮನಿ ನಂದು, ಛತ್ರಿ ನಂದು, ನಿಂದೇನ ಹೋತು?"

ಅಂಥಾ ಮಾವ ಸಿಗಾಕ ಪುಣ್ಯ ಮಾಡಿರಬೇಕ್ರಿ. ನಾ ಮರದಿನಾನ ಅಕ್ಕಗ ಚೀಲ ಕಳಿಸಿದೆ. ಈಗ ಆ ಮನ್ಯಾಗ ಎಲ್ಲಾ ಸೊಸ್ತ್ಯಾರೂ ಅದಕ್ಕ ಛತ್ರಿ ಚೀಲ ಅಂತಾರ. ಇದನ್ನ ಕೇಳಿ ನಮ್ಮ ಅತ್ತಿ ನನಗ ಅಂದ್ರು, "ನೋಡು, ಮರ್ಯಾದಸ್ತರು ಹೆಂಗ ಹೆಸರ ಇಟ್ಟಾರ. ನಿನ್ನಂಗ ಒದರೂದಿಲ್ಲ."

ರುಖವತ

ನಮ್ಮ ನಾದಿನಿ ಮದುವಿ ಕಾಗವಾಡದಾಗ ಆತು. ಅತ್ತಿಗೆ ಒಬ್ಬಾಕೀನ ಮಗಳು, ಜೀವಾ ಕೈಯಾಗ ಹಿಡಕೊಂಡಿದ್ರು. ನಮ್ಮ ಗಡಿ ಭಾಗದಾಗ ಮದುವ್ಯಾಗ ರುಖವತ ಇಡತಾರ. ಮದುಮಗಳ ಕಡ್ಯಾವ್ರು ಕೈಯಿಂದ ಮಾಡಿದ್ದೆಲ್ಲಾ ಟೇಬಲ್ ಮ್ಯಾಲ ಹರವಿಡತಾರ, ಬೀಗರು ನೋಡಿ ಹೌದೌದು ಅನಬೇಕು. ಲಾಡು, ಚಕಲಿ, ಮಣಿ ಪೋಣಿಸಿದ ತೋರಣ. ನಾ ಹಟ ಹಿಡಿದು ನನ್ನ ಎರಡು ಚೀಲಾನೂ ಇಟ್ಟೆ, ಅಂಚಿಗೆ ಜರಿ ಲೇಸ್ ಹಚ್ಚಿ.

"ಯಾರರೆ ಕೇಳಿದ್ರ ತರಕಾರಿ ಚೀಲ ಅಂತ ಹೇಳು. ನನ್ನ ಮಾನ ನಿನ್ನ ಕೈಯಾಗೈತಿ" ಅಂತ ಅತ್ತಿ ಕೈ ಮುಗದ್ರು. ಮಗಳ ಮದುವಿ, ಅವರ ಕಣ್ಣಾಗ ಹೆದರಿಕಿ ನೋಡಿ ನಾ ಹೂಂ ಅಂದೆ.

ಮದುಮಗನ ಸೋದರತ್ತಿ ಬಂದ್ಳು. ನಾಲಿಗಿ ಭಾಳ ಹರಿತ ಅಂತ ಮೊದಲ ಕೇಳಿದ್ದೆ. ಒಂದು ಚೀಲ ಎತ್ತಿ ಬೆಳಕಿಗೆ ಹಿಡದ್ಳು.

"ಇದೇನ್ರಿ ಬೀಗತಿಯವ್ರ?"

"ತರಕಾರಿ ಚೀಲ" ಅಂದ್ರು ಅತ್ತಿ.

"ಇಷ್ಟ ತೆಳ್ಳಗ? ಹಿಡಿಕಿನೂ ಇಲ್ಲ! ಯಾರ ಹೊಲದಾರ?"

"ನಮ್ಮ ಸೊಸಿ."

ಆಕಿ ಎಲ್ಲಾರಿಗೂ ಕಾಣಂಗ ಅದರಾಗ ಉಡಿ ತುಂಬಾಕ ಇಟ್ಟಿದ್ದ ತೆಂಗಿನಕಾಯಿ ತುರುಕಿ ಮ್ಯಾಲ ಎತ್ತಿದ್ಳು. "ನೋಡ್ರೆವ್ವಾ, ಚಿಕ್ಕೋಡಿ ಟೇಲರಿನ ಕೆಲಸ! ಎರಡು ಕಾಯಿ ಹಿಡಿಯಂಗಿಲ್ಲ. ಇಂಥಾ ಕೆಲಸ ಬರದಾಕಿ ರುಖವತದಾಗ ಯಾಕ ಇಡಬೇಕು?"

ಹೆಣ್ಮಕ್ಕಳೆಲ್ಲಾ ಕಿಸಕ್ ಅಂದ್ರು. ನನ್ನ ಕಣ್ಣಾಗ ನೀರು ನಿಂತ್ವು. ನನ್ನ ಕೆಲಸಕ್ಕ ಯಾರೂ ಹಂಗ ಅಂದಿರಲಿಲ್ಲ. ಆದ್ರ ಹೂಂ ಅಂದೀನಲ್ಲ, ನಾಲಿಗಿ ಕಚ್ಚಿ ನಿಂತೆ.

ಅತ್ತಿ ನನ್ನ ಮುಖ ನೋಡಿದ್ರು. ಆಮ್ಯಾಲ ಆ ಚೀಲ ನೋಡಿದ್ರು. ಯಾರ್ಯಾರು ಏನೇನು ಆಹೇರಿ, ಉಡುಗೊರಿ ಮಾಡ್ಯಾರ ಅಂತ ಬಾಜೂಕ ಒಬ್ಬಾಂವ ಮೈಕಿನ್ಯಾಗ ಕೂಗಾಕತ್ತಿದ್ದ. ಅತ್ತಿ ಸೆರಗ ಸೊಂಟಕ್ಕ ಸಿಗಿಸಿ ಹೋದಾವ್ರ, ಅವನ ಕೈಯಾಗಿನ ಮೈಕ್ ಕಸಕೊಂಡ್ರು.

"ಅದು ತರಕಾರಿ ಚೀಲ ಅಲ್ರೀ! ಬಾಡಿ ಚೀಲ! ಮಷಿನ್ನಿಗೆ ಹಾಕಿದ್ರ ಬಾಡಿ ಕೆಡಬಾರ್ದಂತ ನನ್ನ ಸೊಸಿ ಹೊಲದಾಳ! ಮೊದಲ ಹುಕ್ಕ ಹಚ್ಚಬೇಕು, ಆಮ್ಯಾಲ ಹಾಕಬೇಕು, ಚೈನ್ ಮುಚ್ಚಬೇಕು! ಆ ಟೊಪ್ಪಿಗಿ ನೋಡ್ರಿ, ಅಕಿ ಸ್ವಂತ ತಲಿಯಿಂದ ಮಾಡಿದ್ದು! ನಂದೂ ದಿನಾ ಅದರಾಗ ಹಾಕ್ತೀನಿ. ಇವತ್ತಿನ ತನಕ ಒಂದ ಹುಕ್ಕ ಬಾಗಿಲ್ಲ!"

ಬ್ಯಾಂಜೊ ಬಾರಸಾವ್ರೂ ಕೈ ನಿಲ್ಲಿಸಿದ್ರು. ಭಟ್ರು ಅಕ್ಷತಾ ಹಿಡಕೊಂಡು ಹಂಗ ಕುಂತ್ರು.

ಗಂಡಸರ ಸಾಲಿನ್ಯಾಗಿಂದ ನಮ್ಮ ಮಾವ ಎದ್ದು ನಿಂತ್ರು. "ಅಕಿ ಹೇಳೂದು ಖರೇ ಐತ್ರಿ. ಆ ಚೀಲ ಇಲ್ಲದಾಗ ಅದನ್ನ ಬೆನ್ನ ಮ್ಯಾಲ ಹೊತಗೊಂಡು ಬಸ್ ಸ್ಟ್ಯಾಂಡ್ ತನಕ ಹೋಗಿ ಬಂದಾಂವ ನಾನ!"

ಮಂಟಪ ಬಿದ್ದು ಬಿದ್ದು ನಕ್ಕಿತು. ಅಂದ್ರ ಮಾವಗ ಅವತ್ತ ಎಲ್ಲಾ ಗೊತ್ತಿತ್ತು! ಸೊಸಿಗೆ ನಾಚಿಕಿ ಆಗಬಾರ್ದಂತ ಮರ್ಯಾದಿ ಮಾತು ಆಡಿ ಮುಚ್ಚಿಬಿಟ್ಟಿದ್ರು. ನಾ ಅಳಾಕತ್ತೀನೋ ನಗಾಕತ್ತೀನೋ ನನಗ ತಿಳಿಲಿಲ್ಲ. ಎದಿ ಮಾತ್ರ ಇಷ್ಟಗಲ ಆಗಿತ್ತು.

ಮುಂದ ಊಟದ ಪಂಕ್ತಿ ಕುಂತ್ವಿ. ಆ ಸೋದರತ್ತಿ ನನ್ನ ಬಾಜೂಕ ಸರಕೊಂಡು ಬಂದು ಕುಂತ್ಳು. ಆಕಡೆ ಈಕಡೆ ನೋಡಿದ್ಳು, ದನಿ ಸಣ್ಣ ಮಾಡಿದ್ಳು.

"ತಂಗಿ, ನನಗೂ ಎರಡು ಬೇಕಾಗಿದ್ವು ನೋಡು. ಅದ... ತರಕಾರಿ ಚೀಲ."

ಪಂಕ್ತಿ ಆ ತುದ್ಯಾಗ ಶ್ರೀಖಂಡ ನೀಡಾಕತ್ತಿದ್ದ ನಮ್ಮ ಅತ್ತಿ ಸೌಟು ಎತ್ತಿ ಅಲ್ಲಿಂದನ ಒದರಿದ್ರು:

"ತರಕಾರಿ ಚೀಲ ನಮ್ಮಲ್ಲಿ ಸಿಗಂಗಿಲ್ರೀ! ಏನ ಬೇಕು ಬಾಯಿ ಬಿಟ್ಟು ಹೇಳ್ರಿ!"