ಸೀಮೆ ಪುರಾಣದ ಮಂಗಳ

ಮಧುಗಿರಿಯ ಚಂದ್ರಶೇಖರಯ್ಯನಿಗೆ ಬಿ.ಎ. ಪರೀಕ್ಷೆಗೆ ಓದಲು ಸಕಲ ಸೌಕರ್ಯಗಳೂ ಇದ್ದವು. ಬೀದಿಗೆ ಮುಖ ಮಾಡಿದ ಕೋಣೆ, ಮೈಸೂರಿನಿಂದ ಹೊತ್ತು ತಂದ ಪುಸ್ತಕದ ಟ್ರಂಕು, ಹೊತ್ತುಹೊತ್ತಿಗೆ ಕಾಫಿ, ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮಕೂಡದೆಂಬ ಕಟ್ಟಪ್ಪಣೆ. ಇಲ್ಲದ್ದು ಒಂದೇ, ಓದುವ ಮನಸ್ಸು.

ಹಾಗಂತ ಅವನು ಸುಮ್ಮನೆ ಕೂತಿದ್ದ ಅಂತ ಯಾರೂ ಆಡಿಕೊಳ್ಳಬಾರದು. ಪರೀಕ್ಷೆಗೆ ನಲವತ್ತೈದು ದಿನ ಇರುವಾಗ ಊರಿಗೆ ಬಂದವನು ಮೊದಲು ಟೈಂ ಟೇಬಲ್ಲು ಬರೆಯಲು ಕೂತ. ಕೆಂಪು, ನೀಲಿ, ಹಸಿರು, ಮೂರು ಬಣ್ಣದ ಮಸಿಯಲ್ಲಿ ಗೆರೆ ಎಳೆದು ಮುಗಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಮುಗಿಸಿ ನೋಡಿದರೆ ಆ ಟೈಂ ಟೇಬಲ್ಲಿನ ಪ್ರಕಾರವೇ ಅವನು ನಾಲ್ಕು ದಿನ ಹಿಂದೆ ಬಿದ್ದಿದ್ದ! ಸರಿ, ಅದನ್ನು ಹರಿದು ಇನ್ನೊಂದು ಬರೆದ. ಆಮೇಲೆ ಪೆನ್ಸಿಲು ಚೂಪು ಮಾಡಿದ. ಆಮೇಲೆ ಕಿಟಕಿಯಾಚೆ ಬೆಟ್ಟ ನೋಡುತ್ತ ಕೂತ. (ಮಧುಗಿರಿಯಲ್ಲಿ ಓದುವವರಿಗೆ ಇದೊಂದು ತೊಂದರೆ. ಯಾವ ಕಿಟಕಿ ತೆಗೆದರೂ ಬೆಟ್ಟ. ಮರವಿಲ್ಲ, ಮಟ್ಟಿಯಿಲ್ಲ, ಊರಿನ ಮೇಲೆ ಒಂದೇ ಒಂದು ಬೋಳುಬಂಡೆ ಆಕಾಶದವರೆಗೆ. ಅದರ ಎದುರು ಕೂತರೆ ಎಂಥವನಿಗೂ 'ಬಿ.ಎ. ಯಾವ ಮಹಾ' ಅಂತ ವೈರಾಗ್ಯ ಬರುತ್ತದೆ.)

ವೈರಾಗ್ಯಕ್ಕೆ ಬೇರೆ ಕಾರಣವೂ ಇತ್ತು. ಉಳಿದ ವಿಷಯಗಳೆಲ್ಲ ಹೇಗೋ ದಡ ಸೇರಿದ್ದವು. ಯೂರೋಪಿನ ಚರಿತ್ರೆ ಎಂಬ ಏಳುನೂರು ಪುಟದ ಕೆಂಪು ರಟ್ಟಿನ ಗ್ರಂಥವೊಂದು ಮಾತ್ರ ಅವನನ್ನು ಎರಡು ಸಲ ಡುಮ್ಕಿ ಹೊಡೆಸಿತ್ತು. ಇದು ಮೂರನೇ ಸಲ. ಪಾವಗಡದಲ್ಲಿ ಕಡಲೆಕಾಯಿ ಮಂಡಿ ಇಟ್ಟಿದ್ದ ಮಾವ ಮರುಳಸಿದ್ದಯ್ಯನವರು ಕಾಗದ ಬರೆದಿದ್ದರು. "ಈ ಬಾರಿಯೂ ಆಗದಿದ್ದಲ್ಲಿ ಚಿಂತೆ ಬೇಡ. ನಮ್ಮ ಮಂಡಿಯಲ್ಲಿ ಮೂಟೆ ಎಣಿಸಲು ನಂಬಿಕಸ್ತರು ಬೇಕಾಗಿದ್ದಾರೆ. ಸಂಸಾರ ಸಮೇತ ಬಂದುಬಿಡುವುದು."

ಆ ಕಾಗದ ಓದಿದ ದಿನ ಹೆಂಡತಿ ಜಗದಾಂಬ ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟಳು.

"ಏನೂಂದ್ರೆ, ನಾನು ಮಾತ್ರ ಪಾವಗಡಕ್ಕೆ ಬರೋಳಲ್ಲ. ನೀವು ಅಲ್ಲಿ ಮನೆಅಳಿಯ ಆಗಿ ಕೂರೋದು, ನಾನು ಮೂರು ಜನ ಅತ್ತಿಗೆಯರ ಕೈಕೆಳಗೆ ರೊಟ್ಟಿ ತಟ್ಟೋದು, 'ನಮ್ಮ ಬಿ.ಎ. ಭಾವ ಮೂಟೆ ಎಣಿಸಿ ಬಂದ್ರಾ?' ಅಂತ ಅವರು ಕೇಳೋದು, ನಾನು ಕೇಳಿಸ್ಕೊಳ್ಳೋದು! ನನ್ನ ಕೈಲಾಗಲ್ಲ."

"ಓದ್ತಾ ಇದೀನಲ್ಲೇ!"

"ಏನು ಓದ್ತಾ ಇದೀರಿ, ಬೆಟ್ಟಾನಾ?"

ಚಂದ್ರಶೇಖರಯ್ಯ ಗಂಭೀರವಾಗಿ ಪುಸ್ತಕ ತೆರೆದ. ಅದು ತಲೆಕೆಳಗಾಗಿತ್ತು.

ಮಾರನೇ ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ಜಗಲಿಯ ಮೇಲೆ ಗದ್ದಲವಾಯಿತು. ಇಣುಕಿ ನೋಡಿದರೆ ಹಾಲಿನ ಮುನಿಯಮ್ಮ, ಜಟಕಾ ಹೊಡೆಯುವ ನಬೀ ಸಾಬ್, ಅವರ ಹಿಂದೆ ಬೀದಿಯ ಹೆಂಗಸರು ಗಂಡಸರು ಹದಿನೈದು ಇಪ್ಪತ್ತು ಮಂದಿ ಕಾಲು ಮಡಚಿ ಕೂತಿದ್ದಾರೆ. ಒಬ್ಬೊಬ್ಬರ ಕೈಯಲ್ಲೂ ಬಾಳೆಹಣ್ಣೋ ತೆಂಗಿನಕಾಯೋ ಇದೆ. ನಡುವೆ ವ್ಯಾಸಪೀಠ, ಅದರ ಮೇಲೆ ಕೆಂಪು ರಟ್ಟಿನ ಯೂರೋಪಿನ ಚರಿತ್ರೆ. ರಟ್ಟಿಗೆ ಅಡ್ಡಡ್ಡ ಮೂರು ಪಟ್ಟೆ ವಿಭೂತಿ, ಮೇಲೊಂದು ಕಣಗಿಲೆ ಹೂ!

"ಏನೇ ಇದು?"

"ಪುರಾಣ," ಎಂದಳು ಜಗದಾಂಬ ಸಣ್ಣ ದನಿಯಲ್ಲಿ. "ನಮ್ಮೆಜಮಾನ್ರು ಇವತ್ತಿಂದ ಸೀಮೆ ಪುರಾಣ ಹೇಳ್ತಾರೆ ಅಂತ ಮುನಿಯಮ್ಮಂಗೆ ಹೇಳಿದ್ದೆ. ಅವಳಿಗೆ ಹೇಳಿದ್ರೆ ಡಂಗುರ ಹೊಡೆಸಬೇಕಾಗಿಲ್ಲ. ಹೋಗಿ ಕೂತ್ಕೊಳ್ಳಿ."

"ನಿನಗೇನು ತಲೆ ಕೆಟ್ಟಿದೆಯಾ? ನಾನು ಪರೀಕ್ಷೆಗೆ ಓದಬೇಕು!"

"ಸಂಜೆ ಅರ್ಥ ಹೇಳ್ಬೇಕಾದ್ರೆ ಹಗಲು ಓದ್ಲೇಬೇಕಲ್ಲ? ಹಿಡಿದ ಪುರಾಣ ಮಂಗಳ ಆಗೋ ತನಕ ಬಿಡೋ ಹಾಗಿಲ್ಲ. ಅರ್ಧಕ್ಕೆ ಬಿಟ್ರೆ ಊರಿಗೆ ಮಳೆ ಬರಲ್ಲ, ಗೊತ್ತಲ್ಲ?"

ಗೊತ್ತಿತ್ತು. ಮಧುಗಿರಿ ಸೀಮೆಯಲ್ಲಿ ಮಳೆ ತಪ್ಪಿದರೆ ಅದಕ್ಕೊಬ್ಬ ಹೊಣೆಗಾರನನ್ನು ಹುಡುಕುತ್ತಾರೆ. ಚಂದ್ರಶೇಖರಯ್ಯ ಮೇಲುಹೊದಿಕೆ ಸರಿಮಾಡಿಕೊಂಡು ಗಲ್ಲಿಗೇರುವವನ ಹಾಗೆ ಜಗಲಿ ಹತ್ತಿದ. ತಾನೇ ಓದಿ ತಾನೇ ಅರ್ಥ ಹೇಳತೊಡಗಿದ.

"ಫ್ರಾನ್ಸ್ ಎಂಬೋ ದೇಶದಲ್ಲಿ ಒಬ್ಬ ರಾಜ..." ಅಂದದ್ದೇ ತಡ, ಜಗಲಿ ಪಿಟ್ಟೆನ್ನಲಿಲ್ಲ. ಇಂಗ್ಲಿಷಿನ ಒಂದು ಸಾಲು ಓದಿದರೆ "ಆಹಾ!" ಎನ್ನುವರು, ಅರ್ಥ ಹೇಳಿದರೆ ಕೈಮುಗಿಯುವರು. "ಅಬ್ಬಬ್ಬಾ, ಎಂಥಾ ವಿದ್ಯೆ ಕಣಮ್ಮ! ಏಳು ಸಮುದ್ರದ ಆಚೆದು ಇಲ್ಲೇ ಕಂಡಂಗೆ ಏಳ್ತಾರೆ," ಎಂದು ಮುನಿಯಮ್ಮ ಬೆರಗಾಗಿ ಕೆನ್ನೆ ಬಡಿದುಕೊಂಡಳು. ಪ್ರೊಫೆಸರುಗಳಿಂದ ಎರಡು ವರ್ಷ ಬೈಗುಳ ತಿಂದವನಿಗೆ ಆ ಮಾತು ಬೆನ್ನು ಸವರಿದ ಹಾಗಾಯಿತು.

ಆದರೆ ಭಕ್ತಿ ಬೇರೆ, ನೆನಪು ಬೇರೆ. ಆ ಜನಕ್ಕೆ ಎರಡೂ ಇತ್ತು. ನಾಲ್ಕನೇ ದಿನ ಓದಲು ಬೇಸರವಾಗಿ ಮೂವತ್ತು ಪುಟ ಹಾರಿಸಿ "ಅಲ್ಲಿಗೆ ಆ ಯುದ್ಧ ಮುಗಿಯಿತು" ಅಂದುಬಿಟ್ಟ. ನಬೀ ಸಾಬ್ ಗಡ್ಡ ಕೆರೆದುಕೊಂಡ.

"ಅಯ್ನೋರೆ, ಗುಸ್ತಾಕಿ ಮಾಫ್. ನಿನ್ನೆ ಆ ಕಡೆಯೋನು ಹೊಳೆ ಪಕ್ಕ ಮೂರು ಸಾವಿರ ಕುದುರೆ ನಿಲ್ಸಿದ್ದ. ಅವು ಏನಾದ್ವು? ಇನ್ನೂ ಅಲ್ಲೇ ನಿಂತವಾ? ಹುಲ್ಲು ನೀರು ಯಾರು ನೋಡ್ತಾರೆ?"

ಜಗಲಿಯೆಲ್ಲ ಅವನ ಕಡೆ ತಿರುಗಿತು. ಚಂದ್ರಶೇಖರಯ್ಯ ಬೆವೆತುಹೋದ. ಮಾರನೇ ಬೆಳಿಗ್ಗೆ ಬಿಟ್ಟ ಮೂವತ್ತು ಪುಟವನ್ನೂ ಕುದುರೆ ಕುದುರೆ ಲೆಕ್ಕ ಹಿಡಿದು ಓದಿದ. ಅಂದಿನಿಂದ ಅವನಿಗೆ ಪರೀಕ್ಷಕರ ಭಯ ಹೋಗಿ ನಬೀ ಸಾಬನ ಭಯ ಹಿಡಿಯಿತು. ಬೆಳಿಗ್ಗೆ ಹಾಲು ಅಳೆಯುವಾಗಲೇ ಮುನಿಯಮ್ಮನ ವಿಚಾರಣೆ ಶುರು. "ರಾಣಿ ಸಿಟ್ಟು ಮಾಡ್ಕಂಡ್ ಒಳೀಕ್ ವೋದ್ಲಲ್ಲ, ಆಮ್ಯಾಕೆ ಉಂಡ್ಲಾ?" ಸಂಜೆ ತಿಳಿಯುತ್ತದೆ ಅಂದರೆ ಒಂದು ಸೌಟು ಹಾಲು ಕಡಮೆ!

ಹೀಗೆ ದಿನಗಳು ಓಡಿದವು. ಪುಟಗಳೂ ಓಡಿದವು. ಆದರೆ ಪರೀಕ್ಷೆಗೆ ಹತ್ತು ದಿನ ಉಳಿದಾಗ ಚಂದ್ರಶೇಖರಯ್ಯನ ಧೈರ್ಯ ದಿಢೀರನೆ ಕುಸಿಯಿತು. ಊರೆಲ್ಲ ದಾಟಿ ಅಗಸೆಬಾಗಿಲಲ್ಲಿ ಎಡವಿದರು ಅಂತಾರಲ್ಲ, ಹಾಗೆ. ಎರಡು ವರ್ಷವೂ ಅವನು ಬಿದ್ದದ್ದು ಈ ಕೊನೆಯ ಹತ್ತು ದಿನದಲ್ಲೇ. ಆ ಮಧ್ಯಾಹ್ನ ಅವನು ಪುಸ್ತಕ ಮುಚ್ಚಿ, ಆ ಬಿಸಿಲಿನಲ್ಲೂ ಕಂಬಳಿ ಹೊದ್ದು ಮಲಗಿದ.

"ನನ್ನ ಕೈಲಿ ಆಗಲ್ಲ ಕಣೇ. ಓದಿದ್ದೆಲ್ಲ ಕಲಸುಮೇಲೋಗರ ಆಗಿದೆ. ನಿಮ್ಮಪ್ಪನಿಗೆ ಬರೆದುಬಿಡು, ಮೂಟೆ ಎಣಿಸೋಕೆ ಬರ್ತೀನಿ. ಸಂಜೆ ಬಂದೋರಿಗೆ ಗಂಟಲು ಕಟ್ಟಿದೆ ಅಂತ ಹೇಳಿ ಕಳಿಸು."

ಜಗದಾಂಬ ಏನೋ ಜಗಳ ತೆಗೆಯಲು ಬಾಯಿ ತೆರೆದವಳು, ಅವನ ಕಣ್ಣಲ್ಲಿ ನೀರು ನೋಡಿ ಒಲೆಯ ಕಡೆ ತಿರುಗಿದಳು. ಕಷಾಯ ತಂದಿಟ್ಟು ಹೋದಳು.

ಸಂಜೆ ಜನ ಬಂದರು. ಗಂಟಲು ಕಟ್ಟಿದ ಸುದ್ದಿ ಕೇಳಿ ಲೊಚಗುಟ್ಟಿದರು. ಏಳಲಿಲ್ಲ. "ಮಳೆ..." ಎಂದು ಯಾರೋ ಗೊಣಗಿದರು. ಆಗ ಹೊಸ್ತಿಲ ಒಳಗಿನಿಂದ, ಸೆರಗು ತಲೆ ಮೇಲೆ ಎಳೆದುಕೊಂಡ ಜಗದಾಂಬಳ ದನಿ ಬಂತು.

"ಪುರಾಣ ನಿಲ್ಲೋದು ಬೇಡ. ನನಗೆ ಗೊತ್ತಿದ್ದಷ್ಟು ಹೇಳ್ತೀನಿ. ತಪ್ಪಿದ್ರೆ ಅವರು ಒಳಗಿಂದ ತಿದ್ದುತಾರೆ."

ಕಂಬಳಿಯೊಳಗೆ ಚಂದ್ರಶೇಖರಯ್ಯ ಕಿವಿ ನಿಮಿರಿಸಿದ. ಇವಳೇ? ಪಾವಗಡದ ಕನ್ನಡ ಸ್ಕೂಲಿನ ನಾಲ್ಕನೇ ಕ್ಲಾಸೇ?

"ರಾಜ ರಾಣಿ ಅರಮನೆ ಬಿಟ್ಟು ಕದ್ದು ಓಡಿಹೋಗೋಕೆ ಹೊಂಚು ಹಾಕಿದ್ರು. ರಾಜ ಆಳಿನ ವೇಷ ಹಾಕ್ಕೊಂಡ. ಮಕ್ಕಳನ್ನು ನೋಡ್ಕೊಳ್ಳೋಳ ವೇಷ ರಾಣೀದು. ಹುಟ್ಟಿದಾಗಿಂದ ಒಂದು ಲೋಟ ನೀರು ತಾನೇ ಬಗ್ಗಿಸ್ಕೊಂಡು ಕುಡಿದಿರಲಿಲ್ಲ ಆ ತಾಯಿ! ಓಡಿಹೋಗೋ ದಿನವಾದ್ರೂ ಮೈಗೆ ಹಗುರಾಗಿ ಹೋಗ್ಬೇಕೋ ಬೇಡವೋ? ಇಲ್ಲ. ಮನೆಯಷ್ಟು ದೊಡ್ಡ ಗಾಡಿ. ಅದರೊಳಗೆ ಗಂಡ, ಮಕ್ಕಳು, ನಾದಿನಿ. ಅಲಂಕಾರದ ಪೆಟ್ಟಿಗೇನ ಅದಕ್ಕೂ ಮುಂಚೇನೇ ಸಾಗಿಸಿ ಊರಿಗೆಲ್ಲ ಗುಮಾನಿ ಹುಟ್ಟಿಸಿದ್ಲು..."

"ತೌಬಾ ತೌಬಾ!" ನಬೀ ಸಾಬ್ ಎದ್ದೇ ನಿಂತ. "ಅಷ್ಟು ಭಾರ ಹೇರಿದ್ರೆ ಕುದುರೆ ಏನ್ ಮಾಡ್ತದೆ ತಾಯಿ? ಒಂದು ಸಣ್ಣ ಜಟಕಾ ಸಾಕಾಗಿತ್ತು. ಸರ್ರಂತ ಗಡಿ ದಾಟ್ಬಹುದಿತ್ತು!"

"ರಾಜನಾದ್ರೂ ಸುಮ್ಮನೆ ಕೂತನಾ? ಕುದುರೆ ಬದಲಾಯಿಸೋ ಕಡೆ ಇಳಿದು ಜನರ ಹತ್ರ ಮಾತಾಡ್ತಾ ನಿಂತ."

"ಅಯ್ಯೋ ಪೆದ್ದ ನನ್ನಪ್ಪ!" ಮುನಿಯಮ್ಮ ಹಣೆ ಚಚ್ಚಿಕೊಂಡಳು. "ಕದ್ದೋಗೋನು ಮಕ ತೋರ್ಸ್ತಾನೇನ್ಲಾ!"

ಕಂಬಳಿಯೊಳಗಿದ್ದವನು ಮೆಲ್ಲನೆ ಎದ್ದು ಕಿಟಕಿಯ ಹತ್ತಿರ ಬಂದು, ಟಿಪ್ಪಣಿ ಪುಸ್ತಕ ತೆಗೆದ. ಎಲ್ಲಾದರೂ ತಪ್ಪಲಿ, ಒಂದೇ ಒಂದು ತಪ್ಪು ಸಿಗಲಿ ಅಂತ ಸಾಲಿಗೆ ಸಾಲು ಹೊಂದಿಸಿ ನೋಡಿದ. ಒಂದೂ ಸಿಗಲಿಲ್ಲ. ಗಾಡಿ ವಾರೆನ್ ಎಂಬ ಊರಲ್ಲಿ ಸಿಕ್ಕಿಬಿದ್ದಾಗ ಅವನೇ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ರಾಣಿ ಮಕ್ಕಳನ್ನು ತಬ್ಬಿಕೊಂಡು ತಿರುಗಿ ಹೊರಟಾಗ ಜಗಲಿಯೆಲ್ಲ ಮೂಗು ಒರೆಸಿಕೊಂಡಿತು. ಒಳಗೆ ಇವನೂ ಕಂಬಳಿಯ ತುದಿಯಲ್ಲಿ ಒರೆಸಿಕೊಂಡ. ಎರಡು ಸಲ ಫೇಲಾದಾಗಲೂ ಅವನಿಗೆ ಆ ರಾಣಿಯ ಮೇಲೆ ಕನಿಕರ ಬಂದಿರಲಿಲ್ಲ.

ಜನ ಹೋದ ಮೇಲೆ ಅವನು ಹೆಂಡತಿಯನ್ನು ಹೊಸಬಳನ್ನು ನೋಡುವ ಹಾಗೆ ನೋಡಿದ.

"ಜಗದಾ, ಇಷ್ಟೆಲ್ಲ ಹೇಗೆ ಬಂತೇ ನಿನಗೆ?"

"ಹೇಗೆ ಬರದೇ ಇರತ್ತೆ? ಮದುವೆಯಾದ ವರ್ಷ ನನಗೆ ಜಂಬ ತೋರಿಸೋಕೆ ಹೇಳಿದ್ರಿ. ಆಮೇಲಿನ ವರ್ಷ ಸಿಟ್ಟಲ್ಲಿ ಹೇಳಿದ್ರಿ. ಈ ವರ್ಷ ಹಗಲೆಲ್ಲ ಕಂಬಕ್ಕೆ ಹೇಳ್ತಾ ಇದೀರಿ. ನಾನು ಕಂಬದ ಪಕ್ಕದಲ್ಲೇ ಅಕ್ಕಿ ಆರಿಸ್ತಿದ್ದೆ."

ಅವನಿಗೆ ನಾಚಿಕೆಯೂ ಆಯಿತು, ಬೆರಗೂ ಆಯಿತು. ಬೆರಗೇ ಹೆಚ್ಚು. ಮಾರನೇ ದಿನ ಕೋಳಿ ಕೂಗುವ ಮೊದಲೇ ಎದ್ದು ಓದಲು ಕೂತ. ಬೆಟ್ಟ ಅಲ್ಲೇ ಇತ್ತು, ಅವನು ಕಿಟಕಿಗೆ ಬೆನ್ನು ಹಾಕಿದ್ದ. ಹೊರಡುವ ದಿನ ಕೊನೆಯ ಅಧ್ಯಾಯವೊಂದು ಉಳಿಯಿತು. "ಗೆದ್ದು ಬನ್ನಿ, ಬಂದ ಮೇಲೆ ಮಂಗಳ ಮಾಡಾನ," ಎಂದು ಬೀದಿಯವರೆಲ್ಲ ಮೋಟಾರಿನವರೆಗೂ ಬಂದು ಕಳಿಸಿದರು.

ಮೈಸೂರಲ್ಲಿ ಪ್ರಶ್ನೆಪತ್ರಿಕೆ ಬಿಡಿಸಿ ನೋಡುತ್ತಾನೆ, ಮೊದಲನೇ ಪ್ರಶ್ನೆಯೇ ರಾಜ ಓಡಿಹೋಗಿ ಸಿಕ್ಕಿಬಿದ್ದದ್ದು ಯಾಕೆ, ವಿವರಿಸಿ! ಚಂದ್ರಶೇಖರಯ್ಯ ಲೇಖನಿ ಅದ್ದಿದ. ಗಾಡಿಯ ಭಾರ (ನಬೀ ಸಾಬ್). ರಾಣಿಯ ಪೆಟ್ಟಿಗೆ (ಜಗದಾಂಬ). ರಾಜ ಮುಖ ತೋರಿಸಿದ್ದು (ಮುನಿಯಮ್ಮ). ಹೆಸರುಗಳನ್ನು ಮಾತ್ರ ಬರೆಯದೆ, ಉಳಿದದ್ದನ್ನೆಲ್ಲ ಗಂಭೀರವಾದ ಇಂಗ್ಲಿಷಿನಲ್ಲಿ ಬರೆದ. ಮೇಲೆ ಕೂತ ಮೇಲ್ವಿಚಾರಕರ ಬದಲು ಅವನಿಗೆ ಹೊಸ್ತಿಲ ಒಳಗಿನ ಸೆರಗು ಕಾಣುತ್ತಿತ್ತು.

ಪಾಸಾದ! ಸೆಕೆಂಡ್ ಕ್ಲಾಸು! ಜರಿಪೇಟ ಸುತ್ತಿ, ಕೋಟು ತೊಟ್ಟು ಮಧುಗಿರಿಯಲ್ಲಿ ಮೋಟಾರಿನಿಂದ ಇಳಿದವನಿಗೆ ಹಾರ ಬಿತ್ತು. ಜಗಲಿಯಲ್ಲಿ ಊರಿಗೆ ಊರೇ ನೆರೆದಿತ್ತು. ಮಾವ ಮರುಳಸಿದ್ದಯ್ಯನವರು ಪಾವಗಡದಿಂದ ಬಂದು, ಮೂಟೆಯ ಮಾತೇ ಎತ್ತದೆ, ಮುಂದಿನ ಸಾಲಿನಲ್ಲಿ ಕೂತಿದ್ದರು. ಬೆಳ್ಳಿ ತಟ್ಟೆಯಲ್ಲಿ ಶಾಲು. ಮಂಗಳದ ದಿನ ಪುರಾಣ ಹೇಳಿದವರಿಗೆ ಶಾಲು ಹೊದಿಸುವುದು ವಾಡಿಕೆ. ಚಂದ್ರಶೇಖರಯ್ಯ ಬಿ.ಎ. ಗಂಟಲು ಸರಿಮಾಡಿಕೊಂಡು ವ್ಯಾಸಪೀಠದ ಮುಂದೆ ಕೂತ.

ಮುನಿಯಮ್ಮ ಕೈಮುಗಿದು ಎದ್ದಳು.

"ಅಯ್ನೋರೆ, ತಪ್ ತಿಳ್ಕಾಬ್ಯಾಡಿ. ಇಂಗ್ಲೀಸು ನೀವು ಓದ್ಬುಡಿ. ಅರ್ತ ಅಮ್ಮಾವ್ರೇ ಏಳ್ಲಿ. ನಿಮ್ ಬಾಯಾಗೆ ರಾಜ ಸತ್ರೆ ಸತ್ತಂಗೇ ಕಾಣಕಿಲ್ಲ."

"ಹೌದೌದು!" ಎಂದಿತು ಜಗಲಿ. ಎಲ್ಲರಿಗಿಂತ ಜೋರಾಗಿ ಅಂದವನು ನಬೀ ಸಾಬ್.

ಹೊಸ್ತಿಲ ಒಳಗೆ ಮಣೆ ಹಾಕಿದರು. ಬಿ.ಎ. ಗಂಡ ಇಂಗ್ಲಿಷು ಓದಿದ, ಜಗದಾಂಬ ಅರ್ಥ ಹೇಳಿದಳು. ಕೊನೆಗೆ ಫ್ರಾನ್ಸಿನ ಚಕ್ರವರ್ತಿಯನ್ನು ಹಿಡಿದು ನಡುಸಮುದ್ರದ ದ್ವೀಪಕ್ಕೆ ಸಾಗಿಸಿದಾಗ ಜನ ಪೇಚಾಡಿದರು. ಪುರಾಣ ಪಟ್ಟಾಭಿಷೇಕದಲ್ಲಿ ಮುಗಿಯದಿದ್ದರೆ ಮಳೆ ಹೇಗೆ ಬಂದೀತು?

"ಪಟ್ಟಾಭಿಷೇಕ ಇದೆ," ಎಂದಳು ಜಗದಾಂಬ. "ತಲೆ ಕಳಕೊಂಡ ರಾಜನಿಗೆ ಒಬ್ಬ ತಮ್ಮ ಇದ್ದ. ಅಣ್ಣ ಓಡಿಹೋದ ದಿನವೇ ಅವನೂ ಬೇರೆ ದಾರೀಲಿ ಓಡಿಹೋದ. ಆದರೆ ಸಣ್ಣ ಗಾಡೀಲಿ. ಹಗುರಾಗಿ. ಅವನು ಗಡಿ ದಾಟಿದ. ಕೊನೆಗೆ ಸಿಂಹಾಸನಕ್ಕೆ ಕೂತೋನು ಅವನೇ."

"ನಾನ್ ಹೇಳ್ಲಿಲ್ವಾ!" ನಬೀ ಸಾಬ್ ರುಮಾಲು ಎಸೆದು ಕುಣಿದ. "ಸಣ್ಣ ಗಾಡಿ! ಯಾ ಅಲ್ಲಾ, ಸಣ್ಣ ಗಾಡಿ!"

ಚಂದ್ರಶೇಖರಯ್ಯ ಬಿ.ಎ. ಬೆಚ್ಚಿದ. ತಮ್ಮನ ಪಟ್ಟ ಗೊತ್ತು, ತಮ್ಮನ ಗಾಡಿ ಗೊತ್ತಿರಲಿಲ್ಲ! ಸರಸರನೆ ಹಿಂದಿನ ಪುಟ ತಿರುವಿದ. ವಿಭೂತಿ ಮೆತ್ತಿದ ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದ ಅಡಿಟಿಪ್ಪಣಿಯಲ್ಲಿ, ಆ ಗಾಡಿ ನಿಂತಿತ್ತು.

"ಇದು ನಿನಗೆ ಯಾರೇ ಹೇಳಿದ್ದು?" ಎಂದು ಪಿಸುಗುಟ್ಟಿದ.

"ನೀವೇ. ಮದುವೆಯಾದ ವರ್ಷ," ಎಂದಳು ಅವಳೂ ಪಿಸುದನಿಯಲ್ಲೇ.

ಶಾಲು ಹೊಸ್ತಿಲು ದಾಟಿ ಒಳಗೆ ಹೋಯಿತು. ಓದಿದವರಿಗೆ ವಾಡಿಕೆಯಂತೆ ಎರಡು ಬಾಳೆಹಣ್ಣು, ಅರ್ಧ ಹೋಳು ತೆಂಗಿನಕಾಯಿ. ಮಳೆ ಬೇಕಾದ ಜನ ಆ ಪಟ್ಟಾಭಿಷೇಕವನ್ನು ಇನ್ನೊಂದು ಸಲ ಹೇಳಿಸಿದರು. ಬೆಳಗಿನಿಂದ ಬಿಗುಮಾನದಲ್ಲಿ ಕೂತಿದ್ದ ಮಾವನವರು ಹತ್ತಿರ ಸರಿದು, ಅಳಿಯನ ಕೋಟಿನ ತೋಳು ಎಳೆದರು.

"ಅಳಿಯಂದಿರೇ, ಬಿ.ಎ. ಮಾಡಿದೋರು ನೀವು. ಆ ತಮ್ಮ ಗಡಿ ದಾಟಿದ ಮೇಲೆ ಏನಾಯ್ತು?"

ಚಂದ್ರಶೇಖರಯ್ಯ ಬಾಳೆಹಣ್ಣು ಹಿಡಿದ ಕೈಯನ್ನು ತುಟಿಗೆ ಅಡ್ಡ ಇಟ್ಟ.

"ಶ್! ಸ್ವಲ್ಪ ಸುಮ್ಮನಿರಿ ಮಾವ. ಅವಳು ಹೇಳ್ತಾ ಇದಾಳೆ."