ಎಪ್ಪತ್ತು ವ್ಯಾಟಿನ ಕಳ್ಳ

ನಮ್ಮ ಅತ್ತೆಗೆ ಹುಚ್ಚು ಹಿಡಿದದ್ದು ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತಿ ಎನ್ನಬೇಡಿ. ಹಿಡಿಸಿದವನು ನಾನೇ, ಅವಳ ಮೊಬೈಲಿನ ಗ್ರಾಫಿನಲ್ಲಿ ಮೊದಲ ಚುಕ್ಕೆ ಮೂಡಿದ ಸಮಯವೂ ಅದೇ.

ಅತ್ತೆ ಎಂದರೆ ಅಪ್ಪನ ಅಕ್ಕ. ಕುಮಟಾದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಭಟ್ಕಳದ ನನ್ನ ಗೆಳೆಯನೊಬ್ಬ ತನ್ನ ಬೇಕರಿಗೆ ಸ್ಮಾರ್ಟ್ ಮೀಟರ್ ಹಾಕಿಸಿ, ಯಾವ ಯಂತ್ರ ಎಷ್ಟು ಕರೆಂಟು ತಿನ್ನುತ್ತದೆಂದು ಮೊಬೈಲಿನಲ್ಲೇ ನೋಡಿ ಖರ್ಚು ಇಳಿಸಿದ್ದ. ನಾನು ಫಿಸಿಕ್ಸ್ ಪದವೀಧರ, ಹೊನ್ನಾವರದಲ್ಲಿ ನೌಕರಿ. ಸುಮ್ಮನಿರಲಾದೀತೆ? ಅಂಥದೇ ಒಂದನ್ನು ಗಿರಣಿಗೂ ತಂದು ಹಾಕಿದೆ.

ಅತ್ತೆ ಮೊದಲು ಕಂಡುಹಿಡಿದದ್ದು, ಕಾಳಿಲ್ಲದೆ ತಿರುಗಿದರೂ ಗಿರಣಿ ಕರೆಂಟು ತಿನ್ನುತ್ತದೆ ಎಂಬುದನ್ನು. ಅಂದಿನಿಂದ ಐದು ಚೀಲ ಸೇರುವತನಕ ಗಿರಣಿ ತಿರುಗುವುದು ನಿಂತಿತು. ಅಕ್ಕಿ ಬೀಸಲು ಬಂದ, ಮೀನು ಮಾರುವ ಹೆಂಗಸೊಬ್ಬಳನ್ನು ಬೆಂಚಿನ ಮೇಲೆ ಕೂರಿಸಿ, "ಇನ್ನೆರಡು ಚೀಲ ಬರ್ಲಿ. ಅಲ್ಲಿವರೆಗೆ ನಿನ್ನ ಸೊಸೆ ಸುದ್ದಿ ಹೇಳು" ಎಂದಳು.

"ನನ್ನ ಸೊಸೆ ಸುದ್ದಿಗೆ ಐದು ಚೀಲ ಎಲ್ಲಿ ಸಾಕಾಗ್ತದೆ ಅಕ್ಕಾ? ಲಾರಿ ಬರ್ಬೇಕು."

ಆಮೇಲೆ ಮೊಂಡಾಗಿದ್ದ ಬೀಸುವ ಕಲ್ಲಿಗೆ ಉಳಿ ಹೊಡೆಸಿದಳು, ಸಡಿಲವಾಗಿದ್ದ ಬೆಲ್ಟು ಬಿಗಿ ಮಾಡಿಸಿದಳು. ಗ್ರಾಫಿನ ಗೆರೆ ನಿಜಕ್ಕೂ ಇಳಿಯಿತು. ಬಿ.ಪಿ. ತೋರಿಸಲು ಹೋದಾಗ ಡಾಕ್ಟರ ಮುಂದೆಯೂ ಮೊಬೈಲು ಹಿಡಿದಳಂತೆ. ಏರಿಳಿಯುವ ಗೆರೆ ಕಂಡು ಡಾಕ್ಟರು ಗಾಬರಿಯಾಗಿ, "ಇದು ಯಾರ ಹಾರ್ಟು?" ಎಂದರಂತೆ.

"ಗಿರಣಿದು. ಈಗ ಆರಾಮದೆ."

ಇಲ್ಲಿಯವರೆಗೆ ನಗುತ್ತ ಬರೆದೆ. ಇನ್ನು ಮುಂದಿನದನ್ನು ಬರೆಯಲು ಕೈ ಹಿಂಜರಿಯುತ್ತದೆ.

ಮಳೆ ಹಿಡಿದ ಮೇಲೆ ಅತ್ತೆ ದಿನಾ ಫೋನ್ ಮಾಡತೊಡಗಿದಳು. ನನ್ನನ್ನು ಅವಳು ಕರೆಯುವುದು ತಮ ಎಂದೇ. "ತಮಾ, ಎಲ್ಲಾ ಬಟನ್ ಬಂದ್ ಮಾಡಿದ್ರೂ ಎಪ್ಪತ್ತು ವ್ಯಾಟ್ ತೋರಸ್ತದೆ. ಯಾರೋ ಕಳ್ಳ ತಿಂತಾ ಇದ್ದಾನೆ."

"ಆ್ಯಪ್ ಸರಿ ಇಲ್ಲ ಅತ್ತೆ, ಬಿಡು."

"ಆ್ಯಪ್ ಸರಿ ಅದೆ. ಮಳೆ ಜೋರಾದ್ರೆ ಜಾಸ್ತಿ ತಿಂತಾನೆ."

ಫಿಸಿಕ್ಸ್ ಓದಿದವನಿಗೆ ಆ ಒಂದು ಮಾತು ಸಾಕಾಗಬೇಕಿತ್ತು. ನಾನು ಹೇಳಿದ್ದೇನು ಗೊತ್ತೆ? "ಮಳೆಗಾಲದಲ್ಲಿ ಕಳ್ಳನಿಗೂ ಹಸಿವೆ ಜಾಸ್ತಿ ಅತ್ತೆ." ಆಫೀಸಿನಲ್ಲಿ ಇದನ್ನೇ ಹೇಳಿ ನಾಲ್ಕು ಜನರನ್ನು ನಗಿಸಿಯೂ ಬಿಟ್ಟೆ.

ಫೋನು ನಿಲ್ಲಲಿಲ್ಲ. ಅವಳ ಮೀಟರನ್ನು ನನ್ನ ಮೊಬೈಲಿಗೂ ಜೋಡಿಸಿಕೊಂಡಿದ್ದೆ. ಅದರಲ್ಲೊಂದು ಸೌಕರ್ಯವಿತ್ತು: ನೂರು ವ್ಯಾಟಿಗಿಂತ ಕಡಿಮೆಯಿದ್ದರೆ ಸೊನ್ನೆ ತೋರಿಸುವಂತೆ ಮಾಡಬಹುದು. ಕುಳಿತಲ್ಲೇ ಮಾಡಿದೆ. ಮರುದಿನ ಅತ್ತೆ, "ಕಳ್ಳ ಓಡಿಹೋದ ತಮಾ" ಎಂದಳು. ಬಂದ ಗಿರಾಕಿಗಳಿಗೆಲ್ಲ, ತನ್ನ ತಮ್ಮನ ಮಗ ಹೊನ್ನಾವರದಲ್ಲಿ ಕೂತೇ ಕಳ್ಳನನ್ನು ಓಡಿಸಿದ ಎಂದು ಸಾರಿದಳು. ನಾನು ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಎರಡು ವಾರ ಕಳೆದು ಒಂದು ಬೆಳಿಗ್ಗೆ ಕುಮಟಾಕ್ಕೆ ಹೋಗಿದ್ದೆ. ಬೆಂಚಿನ ಮೇಲೆ ಆ ಮೀನಿನ ಹೆಂಗಸೇ ಕೂತಿದ್ದಳು. ಐದನೆಯ ಚೀಲ ಬಂತು, ಗಿರಣಿ ತಿರುಗಿತು. ಕಾಳು ಇಳಿಯಲೆಂದು ಅತ್ತೆ ಯಾವಾಗಲೂ ಮರದ ಕೋಲಿನಿಂದ ಗಿರಣಿಯನ್ನು ತಟ್ಟುತ್ತಾಳೆ. ಅಂದು ಕೋಲು ಕೆಳಗಿಟ್ಟು, ಬಿಸಿಯಾಗಿದೆಯೇ ಎಂದು ಕಬ್ಬಿಣದ ಮೇಲೆ ಅಂಗೈ ಇಟ್ಟಳು.

ಕೈ ಮರಳಿ ಬರಲಿಲ್ಲ. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಮೇನ್ ಸ್ವಿಚ್ಚು ನನ್ನಿಂದ ನಾಲ್ಕೇ ಹೆಜ್ಜೆ. ನಾನು ನಿಂತೇ ಇದ್ದೆ. ಮೀನಿನ ಹೆಂಗಸು ಎದ್ದು ಬಂದು, ಕೆಳಗಿದ್ದ ಕೋಲೆತ್ತಿ ಅತ್ತೆಯ ಮಣಿಕಟ್ಟಿಗೆ ಬೀಸಿ ಹೊಡೆದಳು. ಅತ್ತೆ ಹಿಂದಕ್ಕೆ ಬಿದ್ದಳು.

"ಎಂತ ನೋಡ್ತಾ ನಿಂತ್ಯಾ ಮಾರಾಯಾ? ಮೇನ್ ತೆಗಿ!"

ಆಗ ನಡೆದೆ, ಆ ನಾಲ್ಕು ಹೆಜ್ಜೆ.

ಅತ್ತೆ ಉಳಿದಳು. ಬಲ ಅಂಗೈ ಸುಟ್ಟಿತ್ತು. ಸಂಜೆ ಬಂದ ಎಲೆಕ್ಟ್ರಿಶಿಯನ್ ಗಿರಣಿಯ ಹಿಂದಿನಿಂದ ಇಲಿ ಕಡಿದ ವಯರೊಂದನ್ನು ಎಳೆದು ತೋರಿಸಿದ. ಅದು ಒದ್ದೆ ಗೋಡೆಗೆ ಕರೆಂಟು ಸೋರಿಸುತ್ತಿತ್ತು. ಗಿರಣಿಯ ನಡುಕಕ್ಕೆ ಆ ವಯರು ಅಂದು ಕಬ್ಬಿಣಕ್ಕೇ ತಾಗಿತ್ತು.

"ಸುಮಾರು ದಿನದಿಂದ ಸೋರ್ತಾ ಇತ್ತು ಇದು. ಮೀಟರಿನಲ್ಲಿ ಕಾಣ್ಲಿಲ್ವಾ?" ಎಂದ.

"ಇಲ್ಲಪ್ಪ, ಸೊನ್ನೆ ಇತ್ತು. ನಮ್ಮ ತಮ ಸರಿ ಮಾಡಿಕೊಟ್ಟಿದ್ದ" ಎಂದಳು ಅತ್ತೆ, ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು.

ನಾನು ಚಪ್ಪಲಿ ಹುಡುಕುವವನಂತೆ ಹೊರಗೆ ಹೋದೆ.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಕನಸಿನಲ್ಲಿ ಅದೇ ನಾಲ್ಕು ಹೆಜ್ಜೆ. ಪ್ರತಿಸಲವೂ ಮೂರನೆಯ ಹೆಜ್ಜೆಗೇ ಎಚ್ಚರವಾಗುತ್ತಿತ್ತು. ಕುಮಟಾದ ಕಡೆ ಹೋಗುವುದನ್ನೇ ಬಿಟ್ಟೆ. ಇಪ್ಪತ್ತು ದಿನ ಕಳೆದ ಮೇಲೆ ಸೊನ್ನೆ ತೋರಿಸುವ ಆ ಸೌಕರ್ಯವನ್ನು ತೆಗೆದು, ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಆ ಕಡೆಯಿಂದ ಫೋನು ಕಟ್ಟಾಯಿತು. ಮುಂದೆ ಒಂಬತ್ತು ದಿನ ಅವಳು ಮಾಡಲಿಲ್ಲ, ನನಗೆ ಧೈರ್ಯವಾಗಲಿಲ್ಲ.

ಹತ್ತನೆಯ ದಿನ ಫೋನು ಬಂತು. "ಎಲ್ಲಾ ಬಂದ್ ಮಾಡಿದ್ದೆ. ಹನ್ನೆರಡು ವ್ಯಾಟ್ ತೋರಸ್ತದೆ."

"ಯಾವುದನ್ನೂ ಮುಟ್ಟಬೇಡ. ಬಂದೆ" ಎಂದವನು ರಜೆ ಬರೆಯುವುದನ್ನೂ ಮರೆತು ಬಸ್ಸು ಹತ್ತಿದೆ. ಗಿರಣಿಯ ಒಂದೊಂದು ವಯರನ್ನೂ ಮೂಲೆಯಿಂದ ಮೂಲೆಗೆ ನೋಡುತ್ತ ಹೋದೆ. ಅರ್ಧ ಗಂಟೆಯಾದ ಮೇಲೆ, ಚೀಲಗಳನ್ನು ಪೇರಿಸಿಡುವ ಒಳಕೋಣೆಯ ಬಾಗಿಲು ತೆರೆದರೆ, ಹಾಡಹಗಲಲ್ಲಿ ಒಂದು ಬಲ್ಬು ಉರಿಯುತ್ತಿತ್ತು.

"ಅತ್ತೆ, ಇದು ಬರೇ ಬಲ್ಬು."

"ಗೊತ್ತದೆ. ನಾನೇ ಹಾಕಿಟ್ಟಿದ್ದು."

"ಮತ್ತೆ ಎಂತಕ್ಕೆ ಕರೆದದ್ದು?"

ಅವಳು ನನ್ನತ್ತ ನೋಡಲಿಲ್ಲ. ಇನ್ನೂ ಪೂರ್ತಿ ಮಡಚಲು ಬಾರದ ಬಲಗೈಯಿಂದ ಊಟದ ಡಬ್ಬಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದಳು. ಹೋಗಿ ತೆಗೆದುಕೊಟ್ಟೆ. ಇಬ್ಬರಿಗಾಗುವಷ್ಟು ಅನ್ನವಿತ್ತು.

"ಸುಮ್ನೆ ಬಾ ಅಂದ್ರೆ ನೀ ಬರ್ತಿದ್ಯಾ?" ಎಂದಳು. "ನೀ ಮಾಡಿದ್ದು ತಪ್ಪು. ಅದಕ್ಕೆ ಇನ್ನೂ ಸಿಟ್ಟು ಅದೆ ನಂಗೆ. ಕೂತ್ಕೊ, ಉಣ್ಣು."

ಅಂದು ಗುರುವಾರ. ಮರುದಿನ ಆಫೀಸಿದ್ದರೂ ನಾನು ಹೊನ್ನಾವರಕ್ಕೆ ಮರಳಲಿಲ್ಲ. ಅತ್ತೆಯ ಮನೆಯಲ್ಲಿ ಮಲಗಿದವನಿಗೆ ನಡುವೆ ಎಚ್ಚರವಾಗಲಿಲ್ಲ; ಕಣ್ಣು ಬಿಟ್ಟಾಗ ಬೆಳಕು ಹರಿದಿತ್ತು.